ಕೌದಿಯ ತುತ್ತು

ದೇವಿಕೊಪ್ಪದ ಖಾದರಬಿಯ ಮನೆಯಲ್ಲಿ ಹಳೆಯ ಸೀರೆಗಳನ್ನು ಸೇರಿಸಿ ಹೊಲಿಯುತ್ತಿದ್ದ ಒಂದು ಕೌದಿ ಹೋದ ಮಳೆಗಾಲದಿಂದ ಹಾಗೇ ಬಿದ್ದಿತ್ತು. ಹೊಲಿಗೆ ಅಂಚುಗಳಿಂದ ಒಳಗೊಳಗೆ ಬಂದು, ನಡುವೆ ಅಂಗೈಯಷ್ಟು ಬಾಯಿ ಮಾತ್ರ ಉಳಿದಿತ್ತು. ಮುಚ್ಚುವುದೇನು ದೊಡ್ಡ ಕೆಲಸವಲ್ಲ. ಆದರೆ ಮುಚ್ಚುವ ಮೊದಲು ಕೌದಿಗೆ ಒಂದು ತುತ್ತು ರೊಟ್ಟಿ ಉಣ್ಣಿಸಬೇಕು. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎಂದು ಅವಳು ನಂಬಿದ್ದಳು. ಉಣ್ಣಿಸುವವಳು ಸೂಜಿ ಹಿಡಿದವಳಲ್ಲ, ಎದುರಿಗೆ ಕೂತವಳು. ಖಾದರಬಿಯ ಎದುರಿಗೆ ಹರೆಯದಿಂದ ಕೂತು ಹೊಲಿದವಳು ಮೈಲಾರವ್ವ. ಅವಳು ಆ ಮಳೆಗಾಲದಲ್ಲೇ ತೀರಿಕೊಂಡಳು.

ತುತ್ತು ಉಣ್ಣಿಸಲು ಖಾದರಬಿ ಬಾಜು ಮನೆಯ ನಿಲೋಫರಳನ್ನು ಒಮ್ಮೆ ಕರೆದಿದ್ದಳು. "ಬಟ್ಟಿ-ಅರಿವಿಗೆ ಹಸಿವಿ ಆಗ್ತೈತೇನ ದಾದಿಮಾ?" ಎಂದು ಅವಳು ನಕ್ಕ ಮೇಲೆ ಮತ್ತೆ ಯಾರನ್ನೂ ಕರೆಯಲು ಮನಸ್ಸಾಗಲಿಲ್ಲ.

ಈಗ ಹಳೆಯ ರೂಢಿ, ನಂಬಿಕೆಗಳನ್ನು ಕೇಳಿ ರೆಕಾರ್ಡ್ ಮಾಡಲು ಧಾರವಾಡದಿಂದ ಮಲ್ಲಿಕಾ ಬರುವವಳಿದ್ದಳು. ಉಣ್ಣಿಸಲು ಒಂದು ಕೈ ಸಿಕ್ಕಿತಲ್ಲ ಎಂದು ಖಾದರಬಿ ಮುಂಜಾನೆಯೇ ರೊಟ್ಟಿ ಬಡಿದು, ಎದುರಿಗೆ ಚಾಪೆ ಹಾಸಿ ಕಾದಳು. ಮಲ್ಲಿಕಾ ಬಂದವಳೇ ಆ ಚಾಪೆಯ ಮೇಲೆ ಸ್ಟ್ಯಾಂಡ್ ನಿಲ್ಲಿಸಿ ಮೊಬೈಲ್ ಸಿಕ್ಕಿಸಿ, ತಾನು ಹಿಂದೆ ನಿಂತಳು.

"ಹೇಳ್ರಿ ಅಜ್ಜಿ."

"ಸತ್ತವರ ಸೀರಿ ನಡುವ ಹಾಕಬೇಕ ಯವ್ವಾ. ಅಂಚಿಗಿ ಹಾಕಿದ್ರ ಅವರು ಎದ್ದು ಹೋಗ್ತಾರ. ನಮ್ಮ ಮೈಲಾರವ್ವ ಅವರ ಅತ್ತಿ ಸೀರಿ ಮಾತ್ರ ಅಂಚಿಗೇ ಹಾಕಿದ್ಲು. ಹೋದ್ರ ಹೋಗ್ಲಿ ಅಂತ!"

ನಗೆಯ ಸದ್ದು ರೆಕಾರ್ಡ್ ಆಗಬಾರದೆಂದು ಮಲ್ಲಿಕಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಇನ್ನ ತುತ್ತು ಉಣಿಸೂದು. ಎದರಿಗಿ ಕುಂತಾಕಿ ಉಣಿಸಿ, 'ಹೊಟ್ಟಿ ತುಂಬ್ತ?' ಅಂತ ಕೇಳ್ತಾಳ. ಸೂಜಿ ಹಿಡದಾಕಿ ಕೌದಿ ಪರವಾಗಿ 'ತುಂಬ್ತು' ಅಂತಾಳ. ಬಾ, ಕುಂಡ್ರು ಬಾ."

"ಅಯ್ಯ, ನಾನು ನಡುವ ಬರಬಾರದ್ರಿ ಅಜ್ಜಿ. ನೀವು ಮಾಡೂದಷ್ಟ ಬರಬೇಕು. ಒಬ್ಬಾಕೀನ ಇದ್ರ ಹೆಂಗ ಮಾಡ್ತಿದ್ರು? ಹಂಗ ಮಾಡಿ ತೋರಸ್ರಿ."

ಖಾದರಬಿ ಕೈಯಲ್ಲಿದ್ದ ರೊಟ್ಟಿ ನೋಡಿದಳು. ಒಬ್ಬಾಕೆ ಇದ್ದರೆ ಮಾಡುತ್ತಲೇ ಇರಲಿಲ್ಲ; ಕೌದಿ ಮಡಚಿ ಅಟ್ಟಕ್ಕೆ ಹಾಕುತ್ತಿದ್ದರು. ಅವಳ ತಾಯಿಯೂ ಹಾಗೇ ಮಾಡಿದ್ದಳು. ಆದರೆ ಅದನ್ನು ಮೊಬೈಲಿಗೆ ಹೇಳಿದರೆ ಅದೇ ರೂಢಿಯೆಂದು ಗಟ್ಟಿಯಾಗಿಬಿಡುತ್ತದೆ. ಬಮ್ಮಿಗಟ್ಟಿಯಲ್ಲೋ ಕಲಘಟಗಿಯಲ್ಲೋ ಎದುರಿಗೆ ಯಾರೂ ಇಲ್ಲದೆ ಕೂತ ಇನ್ನೊಬ್ಬಳು ಕೇಳಿ, ತನ್ನ ಕೌದಿಯನ್ನೂ ಮಡಚಿ ಇಟ್ಟಾಳು.

"ಒಬ್ಬಾಕಿ ಇದ್ರ ತಾನ ಉಣಿಸೂದು, ತಾನ ಹೇಳೂದು," ಎಂದಳು. ಅಂಥ ರೂಢಿ ಆ ಗಳಿಗೆಯವರೆಗೆ ಎಲ್ಲೂ ಇದ್ದಂತೆ ಅವಳಿಗೆ ಗೊತ್ತಿರಲಿಲ್ಲ.

ರೊಟ್ಟಿ ಮುರಿದು ಕೌದಿಯ ಬಾಯಿಗೆ ತುರುಕಿದಳು. "ಹೊಟ್ಟಿ ತುಂಬ್ತ?" ಎಂದು ತಾನೇ ಕೇಳಿದಳು. ಕೇಳಿದ ಮೇಲೆ, ಯಾಕೋ, ತಲೆ ಎತ್ತಿ ಚಾಪೆಯ ಕಡೆ ನೋಡಿದಳು. ಅಲ್ಲಿ ಮೊಬೈಲ್ ಇತ್ತು. 'ತುಂಬ್ತು' ಎನ್ನುವಾಗ ತುಟಿಯಷ್ಟೇ ಅಲುಗಿತು.

"ಅಜ್ಜಿ, ಕಡೀದು ಕೇಳಸ್ಲಿಲ್ರಿ. ಇನ್ನೊಮ್ಮೆ ಅಂತೀರಿ?"

"ಅಂತೀನಿ ಬೇ. ಇದನ್ನೂ ರೆಕಾರ್ಡ ಮಾಡ್ಕೋ. ಒಬ್ಬಾಕಿ ಇದ್ದಾಕಿ ಜೋರಾಗೇ ಹೇಳಬೇಕು."

ಖಾದರಬಿ ಕೆಮ್ಮಿ ಗಂಟಲು ಸರಿಮಾಡಿಕೊಂಡಳು. "ತುಂಬ್ತು!" ಎಂದು ಬೀದಿಗೆ ಕೇಳುವ ಹಾಗೆ ಕೂಗಿ, ತಲೆ ಬಗ್ಗಿಸಿ ಕೌದಿಯ ಬಾಯಿ ಹೊಲಿಯತೊಡಗಿದಳು.