ಮರಾಠಿಯಲ್ಲಿ ಇಪ್ಪತ್ತೊಂದು

ಹತ್ತನೆಯ ಇಯತ್ತೆಯ ಪರೀಕ್ಷೆಯ ನಿಕಾಲು ಬಂದ ದಿನ ನನ್ನ ಹಿರಿಮಗಳು ಶೈಲಶ್ರೀ ಮೊಬೈಲನ್ನು ನನ್ನ ಕೈಗೆ ತುರುಕಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕನ್ನಡದಲ್ಲಿ ತೊಂಬತ್ತೆರಡು, ಗಣಿತದಲ್ಲಿ ಎಂಬತ್ತೊಂಬತ್ತು. ಮರಾಠಿಯಲ್ಲಿ ಇಪ್ಪತ್ತೊಂದು. ನಪಾಸು!

"ಮೊಬೈಲ್ ಕೆಟ್ಟಿರಬೇಕು, ಇನ್ನೊಮ್ಮಿ ನೋಡು" ಎಂದರು ನಮ್ಮ ಯಜಮಾನರು.

ಮೊಬೈಲಿಗೇನು ರೋಗ ಬಂದಿದೆ? ನಮ್ಮೂರಿನದು ಕನ್ನಡ ಶಾಲೆ. ಆದರೆ ಊರಿರುವುದು ಮಹಾರಾಷ್ಟ್ರದಲ್ಲಿ, ಅಕ್ಕಲಕೋಟ ತಾಲೂಕಿನಲ್ಲಿ. ಯಾವ ಭಾಷೆಯ ಶಾಲೆಯಾದರೂ ಮರಾಠಿ ಕಲಿಯಲೇಬೇಕೆಂದು ಸರಕಾರದ ಕಾಯಿದೆ. ಕಲಿಯಲಿ, ಬೇಡ ಅಂದವರಾರು? ಕಲಿಸುವವರನ್ನು ಕಳಿಸಬೇಕಲ್ಲ! ಮರಾಠಿ ಮಾಸ್ತರರ ಜಾಗ ಖಾಲಿ ಬಿದ್ದು ಎಷ್ಟೋ ಕಾಲವಾಯಿತು. ಕನ್ನಡ ಕಲಿಸುವ ಮಲಕಾಜಪ್ಪ ಮಾಸ್ತರರೇ, ಪಾಪ, ಶನಿವಾರ ಶಾಲೆ ಬಿಟ್ಟ ಮೇಲೆ ಜಾದಾ ತಾಸು ತೆಗೆದುಕೊಂಡು ತಮಗೆ ಬಂದಷ್ಟು ಹೇಳಿಕೊಡುತ್ತಿದ್ದರು.

ಆ ತಾಸಿಗೆ ಊರಲ್ಲಿ ಮಕ್ಕಳನ್ನು ಕಳಿಸಿದವರು ಯಾರು? "ಮರಾಠಿ ಏನ್ ಕಲಿಯೂದೈತಿ? ಬಾಜಾರದಾಗ ದಿನಾ ಮಾತಾಡತೀವಿ. ಬಾ, ತೊಗರಿ ಬಡಿಯೂನು" ಅನ್ನುವವರೇ ಎಲ್ಲರೂ. ಬಸ್ಸಿನಲ್ಲಿ ಮರಾಠಿ, ದವಾಖಾನೆಯಲ್ಲಿ ಮರಾಠಿ, ನಾವು ಗಂಡ ಹೆಂಡತಿ ಜಗಳಾಡಿದರೂ ಅರ್ಧ ಮರಾಠಿ. ಹಿತ್ತಲ ಗಿಡ ಮದ್ದಲ್ಲ, ನೋಡಿ. ಪರೀಕ್ಷೆಯಲ್ಲಿ ಕೇಳಿದ್ದು ಹಳೆಯ ಸಂತರ ಪದ್ಯದ ಭಾವಾರ್ಥ. ಬದನೆಕಾಯಿ ಚೌಕಾಶಿಗೆ ಅಲ್ಲಿ ಮಾರ್ಕು ಕೊಡುವುದಿಲ್ಲ.

ಸೊಲ್ಲಾಪುರದ ಪಾಲಿಟೆಕ್ನಿಕ್ ಸೇರಬೇಕೆಂದು ಶೈಲಶ್ರೀ ಜೀವ ಹಿಡಿದುಕೊಂಡಿದ್ದಳು. ಊರಲ್ಲಿ ಯಾರ ಬಾವಿಯ ಮೋಟಾರು ಸುಟ್ಟರೂ, ಬಿಚ್ಚುವ ಹೊತ್ತಿಗೆ ಇವಳು ಹಾಜರು. "ಹುಡುಗಿಗಿ ಮೋಟಾರಿನ ಹುಚ್ಚು" ಎಂದು ಓಣಿಯವರು ನಗುತ್ತಿದ್ದರು. ಒಂದು ವಿಷಯ ಹೋದರೂ ಪಾಲಿಟೆಕ್ನಿಕ್ಕಿನವರು ಸೇರಿಸಿಕೊಳ್ಳುವುದಿಲ್ಲ. ಮತ್ತೆ ಪರೀಕ್ಷೆಗೆ ಕೂತು ಪಾಸಾಗುವಷ್ಟರಲ್ಲಿ ಈ ವರ್ಷದ ಸೀಟುಗಳು ತುಂಬಿಹೋಗಿರುತ್ತವೆ.

ನಾನು ಸುಮ್ಮನೆ ಕೂಡುವ ಹೆಂಗಸಲ್ಲ. ಮಗಳನ್ನು ಕರೆದುಕೊಂಡು ಸೊಲ್ಲಾಪುರದ ಬಸ್ಸು ಹತ್ತಿದೆ. ಶಾಲೆಗಳ ಕಾರಭಾರ ನೋಡುವ ಕಚೇರಿಯಲ್ಲಿ ಒಬ್ಬ ಸಾಹೇಬರು ಕೂತಿದ್ದರು. ಅವರೆದುರು ನಿಂತು ಮರಾಠಿಯಲ್ಲೇ ಝಾಡಿಸಿದೆ. ಮಾಸ್ತರರನ್ನು ಕೊಡದೆ ಪರೀಕ್ಷೆ ಹೆಂಗ ತಗೋತೀರಿ? ನೀರು ಬಿಡದೆ ಬೆಳೆ ಕೇಳಿದರೆ ಹೊಲ ಕೊಡುತ್ತದೆಯೇ? ನನ್ನ ಮಗಳಿಗೆ ಮರಾಠಿ ಬರುವುದಿಲ್ಲ ಎಂದು ಹೇಳುವವರು ಅವಳೊಡನೆ ಒಮ್ಮೆ ಮಾತಾಡಿ ನೋಡಲಿ! ಪಕ್ಕದ ಮೇಜಿನವರೂ ಕೆಲಸ ಬಿಟ್ಟು ಕೇಳುತ್ತಿದ್ದರು.

ಸಾಹೇಬರು ಪೂರ್ತಿ ಕೇಳಿಸಿಕೊಂಡು, ನನ್ನ ಮರಾಠಿ ಬಹಳ ಚೆನ್ನಾಗಿದೆ ಎಂದು ಹೊಗಳಿದರು. ಮೈಯೆಲ್ಲ ಉರಿದುಹೋಯಿತು. ಹೊಗಳಿಕೆ ಕಟ್ಟಿಕೊಂಡು ನಾನೇನು ಮಾಡಲಿ? ಬಾಯಿ ತೆರೆಯುವಷ್ಟರಲ್ಲಿ ಅವರು ಮುಂದಕ್ಕೆ ಬಾಗಿ, ದನಿ ತಗ್ಗಿಸಿ ಕನ್ನಡದಲ್ಲಿ ಹೇಳಿದರು:

"ಅಕ್ಕಾರ, ನಾನೂ ನಿಮ್ಮ ಅಕ್ಕಲಕೋಟ ಕಡಿಯಾಂವರಿ. ನೀವು ಹೇಳೂದು ಖರೆ ಐತಿ. ಆದ್ರ ಕಾಯದಾ ಐತ್ರಿ, ನನ್ನ ಕೈಯಾಗ ಏನೂ ಇಲ್ಲ. ಅದಕ್ಕs ನನ್ನ ಹುಡುಗ್ರನ್ನ ಮೊದಲs ಮರಾಠಿ ಸಾಲಿಗಿ ಹಾಕೀನಿ."

ಆತ ಕೆಟ್ಟವನಾಗಿದ್ದರೆ ಇನ್ನೂ ನಾಲ್ಕು ಮಾತು ಆಡುತ್ತಿದ್ದೆ. ಚಹಾ ತರಿಸುತ್ತೇನೆ ಎಂದ. ಬೇಡವೆಂದು ಎದ್ದು ಬಂದೆವು.

ಬಸ್ಸು ಕುಂಭಾರಿ ಊರು ದಾಟಿತು. ಶೈಲಶ್ರೀ ಕಿಟಕಿಯ ಕಡೆ ಮುಖ ಮಾಡಿಯೇ ಅಂದಳು:

"ಅವ್ವಾ, ಸಾರಿಕಾನ್ನ ಕನ್ನಡ ಸಾಲಿ ಬಿಡಸು."

ಸಾರಿಕಾ ನನ್ನ ಕಿರಿಮಗಳು, ಮೂರನೆಯ ಇಯತ್ತೆ.

"ಹುಚ್ಚಿ, ಹಂಗ್ಯಾಕ ಅಂತಿ? ನೀ ಕನ್ನಡದಾಗ ತೊಂಬತ್ತೆರಡು ತಗೊಂಡಿ. ಇಡೀ ಸಾಲಿಗಿ ಪಹಿಲಾ!"

"ಅದನ್ನ ತಗೊಂಡು ಎಲ್ಲಿ ಹೋಗ್ಲಿ, ಹೇಳು?"

ನಾನು ಎಲ್ಲರಿಗೂ ಉತ್ತರ ಕೊಡುವವಳು. ಅತ್ತೆಗೆ ಕೊಟ್ಟಿದ್ದೇನೆ, ಸರಪಂಚನಿಗೆ ಕೊಟ್ಟಿದ್ದೇನೆ. ಹೆತ್ತ ಮಗಳಿಗೆ ಚೀಲದಲ್ಲಿದ್ದ ನೀರಿನ ಬಾಟಲಿ ತೆಗೆದು ಕೊಟ್ಟೆ.

ಶಾಲೆ ಶುರುವಾದ ವಾರವೇ ಸಾರಿಕಾಳನ್ನು ಬಿಡಿಸಲು ಹೋದೆ. ಮಲಕಾಜಪ್ಪ ಮಾಸ್ತರರಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರು ಕಾರಣ ಕೇಳಲಿಲ್ಲ.

"ಶೈಲಶ್ರೀ ಊಟಾ ಮಾಡತಾಳೇನ್ರಿ?" ಎಂದರು, ಅಷ್ಟೇ.

"ಮಾಡತಾಳ್ರಿ" ಎಂದು ಸುಳ್ಳು ಹೇಳಿದೆ.

ಅವರೇ ವರ್ಗದ ಬಾಗಿಲಿಗೆ ಹೋಗಿ ಸಾರಿಕಾಳನ್ನು ಕರೆದರು. ಒಳಗೆ ಮಕ್ಕಳು ಪದ್ಯ ಹೇಳುತ್ತಿದ್ದರು. ಅವಳು ಪಾಟಿ ಚೀಲ ಎದೆಗವಚಿಕೊಂಡು ಹೊರಗೆ ಬಂದು, ಮಾಸ್ತರರ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಅವ್ವಾ, ನಾನೂ ನಪಾಸ್ ಆಗೀನೇನು?"