ಲೋಬಾನದ ಹೊಗೆ ಹೋದ ದಾರಿ

ಮಗಳು ಬುಷರಾ ಕೆಳಗಿನಿಂದ ಕೂಗಿದಾಗ ನಾನು ಜೋಳದ ಹಿಟ್ಟಿಗೆ ಬಿಸಿನೀರು ಹಾಕಿದ್ದೆ. ಹಿಟ್ಟಿನ ಕೈಯಲ್ಲೇ ಗ್ಯಾಲರಿಗೆ ಬಂದೆ. ನೀರಿನ ಟಾಕಿಯ ಪಕ್ಕ ಅವಳ ಕಾರಿನ ಬಾನೆಟ್ ತೆರೆದಿತ್ತು. ಅದರೊಳಗೆ ತಲೆ ತೂರಿಸಿ ನಿಂತಿದ್ದವರು ನಮ್ಮ ಮನೆಯವರು, ಗೌಸ.

"ಅಮ್ಮಿ, ಅಬ್ಬಾಗೆ ಹೇಳಿ ನಾ, ಊಟ ಮಾಡಿ ಬರ್ಲಿ. ಬೆಳಿಗ್ಗೆಯಿಂದ ಇಲ್ಲೇ ಇದ್ದಾರೆ."

"ಊಟ ಎಲ್ಲಿ ಓಡಿ ಹೋಗ್ತೈತಿ?" ಎಂದರು ಅವರು ತಲೆ ಎತ್ತದೆ.

ಮುನ್ನಾದಿನ ಬುಷರಾ ವಿಕ್ರೋಳಿಯ ಆಫೀಸಿನಿಂದ ಸಯನ್ನಿನ ಮನೆಗೆ ಬರುವಾಗ ಹೈವೇ ಮೇಲೆ ಕಾರು ನಿಂತಿತ್ತು. ಮುಂದಿನ ಗಾಡಿಗಳು ನಿಧಾನವಾದವೆಂದು ಅವಳು ಆಕ್ಸಿಲರೇಟರಿನಿಂದ ಕಾಲು ತೆಗೆದದ್ದಷ್ಟೇ, ಎಂಜಿನ್ ಆರಿಹೋಯಿತು. ಹಿಂದೆ ಬರುತ್ತಿದ್ದ ಟ್ಯಾಂಕರ್ ಹಾರ್ನ್ ಒತ್ತುತ್ತಲೇ ಪಕ್ಕಕ್ಕೆ ಹೊರಳಿತು. ಕಾರಿನ ಬಲಗಡೆಯ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು. ಮನೆಗೆ ಬಂದ ಮಗಳಿಗೆ ನೀರು ಕೊಟ್ಟೆ.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅಪ್ಪನಿಗೆ ಹೇಳಿದಳು. "ನಾಳೆ ರಜಾ ಹಾಕ್ತೀನಿ. ನಾಳೆ ಫಾಲ್ಟ್ ಸಿಗ್ಲಿಲ್ಲ ಅಂದ್ರೆ ಗ್ಯಾರೇಜಿಗೆ ಕಳಿಸ್ತೀನಿ, ಅಬ್ಬಾ. ವರ್ಷದ ಕಾಂಟ್ರ್ಯಾಕ್ಟ್ ಮಾಡ್ತಾರೆ. ಆಮೇಲೆ ಬೇರೆ ಯಾರೂ ಕೈ ಹಚ್ಚಬಾರ್ದು."

"ನಾನೂ?"

"ನೀವೂ."

ಅವರು ದುಡಿದ ಬೈಕುಲ್ಲಾದ ಟ್ಯಾಕ್ಸಿ ವರ್ಕ್‌ಶಾಪ್ ಮುಚ್ಚಿದ ಮೇಲೆ ಅವರಿಗೆ ಉಳಿದಿದ್ದು ಇದೊಂದೇ ಬಾನೆಟ್. ಬೆಳಗಿನ ನಮಾಜು ಮುಗಿಸಿ ಬಂದು, ಅದನ್ನು ತೆರೆದು, ಆಯಿಲ್ ನೋಡಿ, ಒರೆಸಿ ಮುಚ್ಚಿದರೇ ಅವರ ದಿನ ಶುರುವಾಗುತ್ತಿತ್ತು. ಅವರಿಗೆ ಕೆಲಸ ಕಲಿಸಿದ ಉಸ್ತಾದರು ವಿಜಯಪುರ ಕಡೆಯ ಸಿದ್ದರಾಮಪ್ಪ. ಹಾಗಾಗಿ ಮನೆಯಲ್ಲಿ ದಖನಿ ಆಡಿದರೂ ಎಂಜಿನ್ನಿನ ಮಾತು ಬಂದರೆ ಅವರ ಬಾಯಲ್ಲಿ ಕನ್ನಡವೇ ಬರುತ್ತದೆ. ಟ್ಯಾಕ್ಸಿಯ ಪೆಟ್ರೋಲ್ ಟಾಕಿ ಸೋರಿದರೆ ಬಟ್ಟೆ ಸಾಬೂನು ಮೆತ್ತುವುದು, ಪೈಪು ಸೀಳಿದರೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯುವುದು ಆ ವರ್ಕ್‌ಶಾಪಿನ ಪದ್ಧತಿ. ಟ್ಯಾಕ್ಸಿ ಸಂಜೆಯವರೆಗೆ ಓಡಿದರೆ ಸಾಕಿತ್ತು. ಆದರೆ ಬುಷರಾಳದು ಟರ್ಬೊ ಇರುವ ಕಾರು. ಎಷ್ಟು ಗಾಳಿ ಒಳಗೆ ಬಂತೆಂದು ಅಳೆದು, ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಬಿಡುತ್ತದಂತೆ.

ಅವರಿಬ್ಬರೂ ಊಟಕ್ಕೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಬ್ಯಾಟರಿಯ ವೈರು ಬಿಗಿ ಮಾಡಿದ್ದರು, ಏರ್ ಫಿಲ್ಟರ್ ಝಾಡಿಸಿದ್ದರು, ಪ್ಲಗ್ಗು ಬದಲಿಸಿದ್ದರು. ಎಂಜಿನ್ ಶುರುವಾಗುತ್ತಿತ್ತು, ರೇಸ್ ಕೊಟ್ಟರೆ ಗುಡುಗುತ್ತಿತ್ತು, ಕಾಲು ತೆಗೆದರೆ ನಡುಗಿ ನಿಲ್ಲುತ್ತಿತ್ತು. ಬುಷರಾ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದ್ದಳು.

"ಗಾಳಿ ಜಾಸ್ತಿ ತೋರಿಸ್ತಿದೆ, ಅಬ್ಬಾ. ಅಳೆಯೋ ಜಾಗ ದಾಟಿದ ಮೇಲೆ ಎಲ್ಲಿಂದಲೋ ಚೋರಿಯಿಂದ ಒಳಗೆ ಹೋಗ್ತಿದೆ."

"ಪೈಪೆಲ್ಲಾ ನೋಡೀನಿ. ಕಣ್ಣಿಗೆ ಕಾಣೂದೆಲ್ಲಾ ಸರಿ ಐತಿ." ಅವರು ರೊಟ್ಟಿ ಮುರಿದರು. ನನ್ನ ಕಡೆ ತಿರುಗಿ, "ಚಾ ಕೊಡಲಿಲ್ಲಲ್ಲ ನೀನು?" ಎಂದರು.

ಆಗಷ್ಟೇ ಕೊಟ್ಟಿದ್ದೆ. ಕುಡಿದ ಲೋಟ ಅವರ ಕಾಲ ಬಳಿಯೇ ಇತ್ತು. ಕೆಲವು ತಿಂಗಳಿಂದ ಹೀಗೇ ನಡೆದಿತ್ತು. ವಯಸ್ಸು ಎಂದುಕೊಂಡು ಲೋಟ ಸರಿಸಿ ಇನ್ನೊಂದು ಚಹಾ ಕೊಡುತ್ತಿದ್ದೆ. ಬುಷರಾಗೆ ಹೇಳಿರಲಿಲ್ಲ.

ಪಾತ್ರೆ ತೊಳೆದು ಬಟ್ಟೆ ಒಗೆಯಲು ಕೂತೆ. ನೀಲಿ ಸಾಬೂನಿನ ಬಾರ್ ಮತ್ತೆ ಕಣ್ಣಿಗೆ ಬಿತ್ತು. ಹೋದ ವಾರ ಅದರ ಒಂದು ತುದಿಯನ್ನು ಯಾರೋ ಚಾಕುವಿನಲ್ಲಿ ಕೊಯ್ದಿದ್ದರು. ಕೇಳಿದಾಗ ಇವರು, "ನನಗೇನ ಗೊತ್ತು? ಇಲಿ ಇರಬೇಕು," ಅಂದಿದ್ದರು. ಇಲಿ ಇಷ್ಟು ನೇರವಾಗಿ ಕೊಯ್ಯುವುದಿಲ್ಲ ಎಂದುಕೊಂಡು ಸುಮ್ಮನಾಗಿದ್ದೆ.

ಅಂದು ಗುರುವಾರ. ಪ್ರತಿ ಗುರುವಾರ ಸಂಜೆ ಮನೆಗೆ ಲೋಬಾನದ ಧೂಪ ಹಾಕುತ್ತೇನೆ. ತೆಂಗಿನ ಚಿಪ್ಪನ್ನು ಗ್ಯಾಸಿನ ಮೇಲೆ ಕೆಂಡ ಮಾಡಿ, ಮಣ್ಣಿನ ಬಟ್ಟಲಲ್ಲಿಟ್ಟು, ಮೇಲೆ ಲೋಬಾನ ಉದುರಿಸಿದೆ. ಕೋಣೆಗಳಿಗೆ ಹೊಗೆ ತೋರಿಸಿದ ಮೇಲೂ ಮನಸ್ಸು ತಡೆಯಲಿಲ್ಲ. ಹಿಂದಿನ ದಿನದ ಟ್ಯಾಂಕರ್ ಎದೆಯಲ್ಲೇ ನಿಂತಿತ್ತು. ಬಟ್ಟಲು ಹಿಡಿದು ಕೆಳಗಿಳಿದೆ.

ಕೆಳಗಿನ ಮನೆಯ ನೀಲಾವತಿ ಕಿಟಕಿಯಿಂದ ನೋಡಿದರು. ಉಡುಪಿಯವರು, ಬಾಯಿ ಸುಮ್ಮನಿರುವುದಿಲ್ಲ. "ಎಂತ ಅಕ್ಬರಬಿ, ಕಾರಿಗೂ ದೃಷ್ಟಿ ತೆಗೆಯುವುದಾ? ಹಾಗಾದರೆ ನಮ್ಮ ಮಿಕ್ಸಿಗೂ ಒಂದು ಸುತ್ತು ತೆಗೆದುಬಿಡಿ ಮಾರಾಯ್ರೆ."

"ಮೊದಲು ಇದು ಓಡ್ಲಿ," ಎಂದೆ.

ಎಂಜಿನ್ ಆಗಷ್ಟೇ ಶುರು ಮಾಡಿದ್ದರು; ಅದು ಇನ್ನೂ ತಣ್ಣಗಿತ್ತು, ಆ ಹೊತ್ತಿಗೆ ತಾನಾಗಿಯೇ ಜೋರಾಗಿ ಓಡುತ್ತಿದ್ದುದರಿಂದ ಆರಿರಲಿಲ್ಲ; ಫ್ಯಾನ್ ತಿರುಗುತ್ತಿರಲಿಲ್ಲ. ನಾನು ಹತ್ತಿರ ಬಂದದ್ದೇ ಇವರು ಕೈ ಅಡ್ಡ ಹಿಡಿದರು. "ಏ, ಕೆಂಡ ತಗೊಂಡು ಎಲ್ಲಿಗೆ ಬಂದಿ? ಪೆಟ್ರೋಲಿನ ಗಾಡಿ! ದೂರ ನಿಲ್ಲು!"

ಹಿಂದೆ ಸರಿದು ನಿಂತು ಸೆರಗಿನಿಂದ ಹೊಗೆ ಬೀಸಿದೆ. ಹೊಗೆ ಎಂಜಿನ್ನಿನ ಮೇಲೆ ಹರಡಿ ಗಾಳಿಯಲ್ಲಿ ಚದುರಿತು. ಒಂದು ಎಳೆ ಮಾತ್ರ ಚದುರಲಿಲ್ಲ. ದಪ್ಪ ಕರಿ ಪೈಪಿನ ಕೆಳಗೆ ಬಾಗಿ ಒಳಗೆ ಹೋಯಿತು.

"ಅಮ್ಮಿ, ಅಲ್ಲೇ ನಿಲ್ಲಿ. ಇನ್ನೊಮ್ಮೆ ಬೀಸಿ," ಎಂದಳು ಬುಷರಾ.

ಇನ್ನೊಮ್ಮೆ ಬೀಸಿದೆ. ಯಾರೋ ಬಾಯಿಟ್ಟು ಎಳೆದಂತೆ ಹೊಗೆ ಅದೇ ಜಾಗಕ್ಕೆ ಹೋಯಿತು. ಬುಷರಾ ಎಂಜಿನ್ ಬಂದ್ ಮಾಡಿ, ಫಿಲ್ಟರಿನಿಂದ ಟರ್ಬೊಗೆ ಹೋಗುವ ಆ ಪೈಪಿನ ಕೆಳಗೆ ಕೈ ಹಾಕಿದಳು. ಕಣ್ಣಿಗೆ ಕಾಣದ ಬದಿಯಲ್ಲಿ ಒಂದು ಸೀಳು. ಅದರ ಮೇಲೆ ಸಡಿಲಾಗಿ ಜೋತಿದ್ದ ಸೈಕಲ್ ಟ್ಯೂಬಿನ ಪಟ್ಟಿ. ಎಳೆದಾಗ ಒಣಗಿದ ನೀಲಿ ಸಾಬೂನಿನ ಚೂರುಗಳು ಉದುರಿದವು.

ಇವರು ಬಗ್ಗಿ ನೋಡಿ ನಕ್ಕೇಬಿಟ್ಟರು. "ಯಾವ ಕತ್ತೆ ಮಾಡೈತಿ ಈ ಕೆಲಸಾ? ಟರ್ಬೊದ ಪೈಪಿಗೆ ಸಾಬೂನು! ನಮ್ಮ ಉಸ್ತಾದ್ ಇದ್ದಿದ್ರ ಕಿವಿ ಹಿಂಡತಿದ್ರು."

ಬುಷರಾಳೂ ನಗಲು ಹೊರಟವಳು ಪಟ್ಟಿಯ ಗಂಟು ನೋಡಿ ನಿಂತಳು. ತುದಿಯನ್ನು ಒಳಗೆ ಮಡಚಿ ತಿರುವಿ ಹಾಕಿದ ಗಂಟು. ಅವಳ ಶಾಲೆಯ ಡಬ್ಬಿಯ ಚೀಲಕ್ಕೆ ಅಪ್ಪ ವರ್ಷಗಟ್ಟಲೆ ಹಾಕಿಕೊಟ್ಟ ಗಂಟು. ಅವಳು ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಿತೋ.

"ಗ್ಯಾರೇಜಿನವರೇ ಮಾಡಿರ್ಬೇಕು, ಅಬ್ಬಾ. ಹೋದ ಸರ್ವಿಸಿನಲ್ಲಿ."

"ಅವರೇ. ಮತ್ಯಾರು?" ಎನ್ನುತ್ತ ಇವರು ಪಟ್ಟಿಯನ್ನು ಕೈಗೆ ತೆಗೆದುಕೊಂಡರು. ಬೈಯುತ್ತಲೇ ಇದ್ದರು. ನೋಡದೆಯೇ ಅವರ ಬೆರಳು ಮಡಚಿದ ತುದಿಯನ್ನು ಹುಡುಕಿ ಹೊರಗೆಳೆದವು, ಗಂಟು ಬಿಚ್ಚಿಕೊಂಡಿತು.

ಅಂಗೈಗೆ ಅಂಟಿದ ನೀಲಿ ಚೂರನ್ನು ಉಜ್ಜಿ ನೋಡಿದರು.

"ಇದು ನಮ್ಮ ಮನೀ ಸಾಬೂನೇನ?" ಎಂದು ನನ್ನನ್ನು ಕೇಳಿದರು.

"ಹೌದ್ರೀ."

"ನಾನ ಹಚ್ಚೀನಿ?"

ಸುಳ್ಳು ಹೇಳಬಹುದಿತ್ತು. ಆದರೆ ನಾಳೆ ಇದೇ ಕಾರಿನಲ್ಲಿ ಹೋಗುವವಳು ನನ್ನ ಮಗಳು. "ನೀವ ಇರಬೇಕ್ರೀ," ಎಂದೆ. "ಹೋದ ವಾರ ಬೆಳಿಗ್ಗೆ ಸೀಳು ಕಂಡಿರ್ತೈತಿ. ಅವಳ ಆಫೀಸ್ ತಪ್ಪಬಾರ್ದು ಅಂತ ಹಚ್ಚೀರಿ. ಹೊಸಾದು ತರೂದು ಮರ್ತಿರ್ತೀರಿ."

ಅವರು ಮೆಟ್ಟಿಲ ಮೇಲೆ ಕೂತರು. ನೀಲಾವತಿ ಕಿಟಕಿ ಮುಚ್ಚಿಕೊಂಡ ಸದ್ದು ಕೇಳಿಸಿತು.

"ಟ್ಯಾಂಕರ್ ಎಷ್ಟು ದೂರ ಇತ್ತು, ಬೇಟಾ?"

"ತುಂಬಾ ದೂರ ಇತ್ತು, ಅಬ್ಬಾ."

ಅವರು ಕನ್ನಡಿ ಕಿತ್ತುಹೋದ ಜಾಗವನ್ನು ನೋಡಿದರು. ಬಟ್ಟಲಲ್ಲಿ ಕೆಂಡ ಬೂದಿಯಾಗುವವರೆಗೂ ನಾನು ಅಲ್ಲೇ ನಿಂತಿದ್ದೆ.

ಮರುದಿನವೂ ಬುಷರಾ ಆಫೀಸಿಗೆ ಹೋಗಲಿಲ್ಲ. ಜುಮ್ಮಾ ನಮಾಜು ಮುಗಿದ ಮೇಲೆ ಅಪ್ಪನನ್ನು ಲೋಕಲ್ ರೈಲಿನಲ್ಲಿ ಬೈಕುಲ್ಲಾಕ್ಕೆ ಕರೆದುಕೊಂಡು ಹೋಗಿ ಹೊಸ ಪೈಪು ತಂದಳು. ಗ್ಯಾರೇಜಿನ ಮಾತು ಎತ್ತಲಿಲ್ಲ. ಪೈಪು ಕೂರಿಸಿ ಸ್ಕ್ರೂಡ್ರೈವರ್ ಅವರ ಕೈಗೆ ಕೊಟ್ಟಳು. ಅವರು ಅದನ್ನು ತಿರುಗಿಸಿ ಹಿಡಿ ಅವಳ ಕಡೆ ಮಾಡಿದರು.

"ಬ್ಯಾಡ. ನೀ ಬಿಗಿ ಮಾಡು. ನಾ ಬ್ಯಾಟರಿ ಲೈಟ್ ಹಿಡೀತೀನಿ."

"ಅಬ್ಬಾ..."

"ನೀ ಮಾಡು."

ಅವಳು ಪೈಪಿನ ಕ್ಲ್ಯಾಂಪ್ ಬಿಗಿ ಮಾಡಿದಳು. ಅವರ ಕೈಯ ಬೆಳಕು ಸ್ವಲ್ಪವೂ ಅಲುಗಲಿಲ್ಲ. ಎಂಜಿನ್ ಶುರುವಾಯಿತು, ಗುಡುಗಿತು. ಕಾಲು ತೆಗೆದಾಗ ಇಳಿದು, ಸಮನಾಗಿ, ಹಾಗೆಯೇ ನಡೆಯುತ್ತಿತ್ತು.

"ನಾಳೆಯಿಂದ ಬಾನೆಟ್ ತೆರೆಯೋವಾಗ ನನ್ನನ್ನ ಕರೀರಿ," ಎಂದಳು ಬುಷರಾ.

"ಆಯಿಲ್ ನೋಡಾಕೂ?"

"ಆಯಿಲ್ ನೀವೇ ನೋಡಿ. ನಾನು ಪಕ್ಕದಲ್ಲಿ ನಿಲ್ತೀನಿ. ಮತ್ತೆ ಸೋಮವಾರ ಡಾಕ್ಟರ್ ಹತ್ರ ಹೋಗೋಣ. ಅಲ್ಲೂ ಪಕ್ಕದಲ್ಲಿ ನಿಲ್ತೀನಿ."

ಅವರು ತಲೆಯಾಡಿಸಿದರು.

ಶನಿವಾರ ಬೆಳಿಗ್ಗೆ ನಮಾಜಿನಿಂದ ಬಂದವರು ಮೇಲೆ ಬರಲಿಲ್ಲ. ಗ್ಯಾಲರಿಯಿಂದ ನೋಡಿದೆ. ಒರೆಸುವ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು, ಮುಚ್ಚಿದ ಬಾನೆಟ್ಟಿನ ಮುಂದೆ ಕೈ ಕಟ್ಟಿ ನಿಂತಿದ್ದರು. ಒಳಗೆ ಬುಷರಾ ತಲೆ ಒರೆಸಿಕೊಳ್ಳುತ್ತಿದ್ದಳು.

"ಲಗೂ ನಡಿ," ಎಂದೆ. "ನಿಮ್ಮಬ್ಬಾ ಕಾಯಾಕತ್ತಾರ."

ಅವಳು ಒದ್ದೆ ಕೂದಲಲ್ಲೇ ಇಳಿದು ಹೋದಳು. ನಾನು ಚಹಾಕ್ಕೆ ಇಟ್ಟೆ. ಇನ್ನೊಮ್ಮೆ ಕೇಳಿದರೂ ಇರಲಿ ಎಂದು ಇನ್ನಷ್ಟು ನೀರು ಹಾಕಿದೆ.