ಮೂವತ್ತನಾಲ್ಕನೆಯ ಮನೆ

ಶುಕ್ರವಾರ ಸಂಜೆ ಐದೂವರೆಗೆ ಮೊಬೈಲು ಕೂಗಿತೆಂದರೆ ಅದು ಮುಸೇಲೆಯಿಂದಲೇ ಎಂದು ಗಿರಿಜಾಳ ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿಹೋಗಿತ್ತು. "ಅಮ್ಮಾ, ಯುವರ್ ಫ್ರೈಡೇ ಅಂಕಲ್!" ಎಂದು ಹತ್ತು ವರ್ಷದ ಸಾನ್ವಿ ಒಳಗಿನಿಂದ ಕೂಗುವಳು. ಗಿರಿಜಾ ಒಲೆ ಸಣ್ಣಗೆ ಮಾಡಿ, ಕೀನ್ಯಾ ರಾಜಧಾನಿಯ ಕಿಲಿಮಾನಿ ಬಡಾವಣೆಯ ಆ ಮೂರನೇ ಮಹಡಿಯ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುವಳು.

ಮುಸೇಲೆ ಇರುವುದು ಮೊಜಾಂಬಿಕ್ ಕರಾವಳಿಯಲ್ಲಿ. ಸಮುದ್ರದೊಳಕ್ಕೆ ಕೈ ಚಾಚಿ ಮಲಗಿದಂಥ ಉದ್ದನೆಯ ಮರಳು ನೆಲ, ಆಚೆಯ ಗಟ್ಟಿ ನೆಲಕ್ಕೆ ಹೋಗಲು ಒಂದೇ ಸೇತುವೆ. ಚಂಡಮಾರುತದ ಸುದ್ದಿ ಬಂದಮೇಲೆ ಕೈಯಲ್ಲಿ ಉಳಿಯುವುದು ಒಂದು ಹಗಲು, ಒಂದು ರಾತ್ರಿ. ಅಷ್ಟರೊಳಗೆ ಆ ಸೇತುವೆ ದಾಟಿ ಎಷ್ಟು ಜನ ಪಾರಾಗಬಹುದೋ ಅಷ್ಟು ಜನರಿಗೆ ಮಾತ್ರ ಅಲ್ಲಿ ಮನೆ ಇರಲಿ ಎಂದು ಜಿಲ್ಲೆಯವರು ನಿಯಮ ಮಾಡಿದ್ದರು. ಹೀಗಾಗಿ ವರ್ಷಕ್ಕೆ ಇಂತಿಷ್ಟೇ ಹೊಸ ಮನೆಗಳಿಗೆ ಪರವಾನಗಿ. ಉಳಿದವರು ಪಟ್ಟಿಯಲ್ಲಿ ಕಾಯಬೇಕು. ಕಾದ ಪ್ರತಿ ವರ್ಷಕ್ಕೆ ಒಂದು ಪಾಯಿಂಟು, ಪಾಯಿಂಟು ಹೆಚ್ಚಾದಂತೆ ಹೆಸರು ಮೇಲಕ್ಕೆ. ವರ್ಷಕ್ಕೆ ಎಷ್ಟು ಮನೆ ಎಂದು ಲೆಕ್ಕ ಹಾಕಿ ಹೇಳುವ ಕೆಲಸ ಗಿರಿಜಾ ಕೆಲಸಕ್ಕಿದ್ದ ಅಪ್ಪರ್ ಹಿಲ್‌ನ ಸಲಹಾ ಕಂಪನಿಗೆ ಸಿಕ್ಕಿ, ಅಲ್ಲಿ ಅವಳ ಮೇಜಿಗೆ ಬಂದಿತ್ತು. ೨೦೦೬ರ ಏಪ್ರಿಲ್‌ನಲ್ಲಿ ಅವಳು ಕರಡು ವರದಿ ಕಳಿಸಿದಳು: ವರ್ಷಕ್ಕೆ ಮೂವತ್ತು ಮನೆ. ಆಕ್ಷೇಪವಿದ್ದವರು ಹೇಳಲಿ ಎಂದು ಜಿಲ್ಲಾ ಕಚೇರಿಯವರು ಅದನ್ನು ಗೋಡೆಗೆ ಅಂಟಿಸಿ, ಕೆಳಗೆ ಅವಳ ಹೆಸರು, ನಂಬರು ಬರೆದರು.

ಮೊದಲ ಫೋನು ಬಂದದ್ದು ಆಗ.

"ನಮಸ್ಕಾರ ಮೇಡಂ. ಅಂಕೋಲೇಕರ್ ಅಂದ್ರೆ ನಮ್ಮ ಅಂಕೋಲಾದವರಾ?"

ಕನ್ನಡ ಕಿವಿಗೆ ಬಿದ್ದದ್ದೇ ಗಿರಿಜಾ ಕುರ್ಚಿಯಿಂದೆದ್ದಳು. "ಹೌದು. ನೀವು ಯಾರು?"

"ನಾನು ಕೃಷ್ಣಪ್ರಸಾದ ಅಂತ. ಬಂಟ್ವಾಳ. ಇಲ್ಲಿ ಗೇರುಬೀಜದ ಫ್ಯಾಕ್ಟರಿಲಿ ಸೂಪರ್‌ವೈಸರ್. ಗೋಡೆ ಮೇಲೆ ಇಡೀ ನೋಟೀಸು ಪೋರ್ಚುಗೀಸಲ್ಲಿ, ಅದರ ಅಡಿಯಲ್ಲಿ ನಿಮ್ಮ ಹೆಸರು! ನನಗೆ ಎಂತ ಖುಷಿ ಆಯ್ತು ಗೊತ್ತುಂಟಾ? ಅಲ್ಲಿಯೇ ನಗಾಡಿದೆ. ಪಕ್ಕದವರು ಹುಚ್ಚ ಅಂದುಕೊಂಡ್ರು."

ಅವನ ಮಾತಿನ ಹಿಂದೆ ಇನ್ನೊಂದು ಸದ್ದಿತ್ತು. ಏಳುವುದು, ಬೀಳುವುದು, ಹಿಂದಕ್ಕೆ ಸರಿಯುವುದು. "ಅದೇನು ಸಮುದ್ರವಾ?" ಎಂದು ಕೇಳಿದಳು. "ಮತ್ತೆಂತ? ಭರತ ಈಗ, ನೀರು ಏರ್ತಾ ಉಂಟು" ಎಂದ. ಗಿರಿಜಾ ಹುಟ್ಟಿ ಇಪ್ಪತ್ತು ವರ್ಷ ಆ ಸದ್ದನ್ನು ಕೇಳುತ್ತಲೇ ಮಲಗಿದವಳು. ಗಂಡ ದತ್ತಾತ್ರೇಯನ ಔಷಧ ಕಂಪನಿಯ ಕೆಲಸಕ್ಕೆಂದು ಐದೂವರೆ ಸಾವಿರ ಅಡಿ ಎತ್ತರದ ಈ ಊರಿಗೆ ಬಂದು ಆರು ವರ್ಷವಾಗಿತ್ತು. ಇಲ್ಲಿ ಮಳೆ ಇತ್ತು, ಚಳಿ ಇತ್ತು, ಉಪ್ಪಿನ ಗಾಳಿ ಮಾತ್ರ ಇರಲಿಲ್ಲ.

ಕೃಷ್ಣಪ್ರಸಾದನ ಆಕ್ಷೇಪ ಸಣ್ಣದು. ಪರವಾನಗಿ ಮೂವತ್ತು, ಪಟ್ಟಿಯಲ್ಲಿ ಅವನದು ಮೂವತ್ತನಾಲ್ಕನೆಯ ಹೆಸರು. ಫ್ಯಾಕ್ಟರಿಯ ಕೋಣೆಯಲ್ಲಿ ನಾಲ್ಕು ಗಂಡಸರು, ಹೆಂಡತಿ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲ. ಬಾಡಿಗೆಗೆ ಅಂತ ಮುಸೇಲೆಯಲ್ಲಿ ಒಂದು ಕೋಣೆಯೂ ಖಾಲಿ ಇಲ್ಲ. ಹೆಂಡತಿ ತಾರಾ, ಹನ್ನೆರಡರ ಮಗಳು ಭಾವನಾ ಬಂಟ್ವಾಳದಲ್ಲಿ. ಅವನು ನಾಲ್ಕು ವರ್ಷದಿಂದ ಪಟ್ಟಿಯಲ್ಲಿ.

"ಆದ್ರೆ ನಾನು ಬೇಡ್ಲಿಕ್ಕೆ ಫೋನ್ ಮಾಡಿದ್ದಲ್ಲ, ನಿಮ್ಮ ತಪ್ಪು ಹೇಳ್ಲಿಕ್ಕೆ. ಸೇತುವೆ ದಾಟಿಸುವ ವ್ಯಾನಿಗೆ ಹದಿನಾಲ್ಕು ಜನ ಅಂತ ಹಾಕಿದ್ದೀರಲ್ಲ, ಎಲ್ಲಿಯ ವ್ಯಾನು ಅದು?"

ಎಲ್ಲಿಯದೆಂದರೆ, ಗಿರಿಜಾ ದಿನಾ ಹತ್ತುತ್ತಿದ್ದ ಮಟಾಟು ಎಂಬ ಬಾಡಿಗೆ ವ್ಯಾನಿನದು. ಎರಡು ವರ್ಷದ ಹಿಂದೆ ಕೀನ್ಯಾದಲ್ಲಿ ಹೊಸ ಕಾನೂನು ಬಂದಮೇಲೆ ಮಟಾಟುವಿನಲ್ಲಿ ಹದಿನಾಲ್ಕೇ ಸೀಟು, ಎಲ್ಲದಕ್ಕೂ ಬೆಲ್ಟು. ಕಂಡಕ್ಟರು "ಸವಾ, ಮಾಮಾ?", ಸರಿಯಾ ಅಮ್ಮಾ, ಎಂದು ಅವಳಿಗೂ ಬೆಲ್ಟು ಹಾಕಿಸುತ್ತಿದ್ದ. ಆ ಹದಿನಾಲ್ಕು ಯೋಚನೆಯೇ ಇಲ್ಲದೆ ಅವಳ ಕೈಯಿಂದ ಮುಸೇಲೆಯ ಲೆಕ್ಕಕ್ಕೆ ಇಳಿದಿತ್ತು.

"ಇಲ್ಲಿ ಬೆಲ್ಟೂ ಇಲ್ಲ ಎಂತದೂ ಇಲ್ಲ ಮಾರಾಯ್ರೆ. ಇಪ್ಪತ್ತೆರಡು ಜನ, ಮೇಲೆ ಕೋಳಿ ಬೇರೆ."

ಜಿಲ್ಲೆಯವರಿಗೆ ಬರೆದಳು. ಅವರು ಮೂರು ದಿನ ಸೇತುವೆಯ ಬುಡದಲ್ಲಿ ನಿಂತು ಎಣಿಸಿ ಉತ್ತರ ಕಳಿಸಿದರು: ಇಪ್ಪತ್ತೆರಡೇ. ಗಿರಿಜಾ ನಾಚಿಕೆಯಿಂದ ಅಂಕಿ ತಿದ್ದಿದಳು. ಮೂವತ್ತಿದ್ದದ್ದು ನಲವತ್ತೊಂದಾಯಿತು. ಹೇಳಬಾರದೆಂದು ಗೊತ್ತಿದ್ದೂ, ಮರುಶುಕ್ರವಾರ ಹೇಳಿಬಿಟ್ಟಳು. ಮೂವತ್ತನಾಲ್ಕನೆಯ ಹೆಸರೂ ಈಗ ಒಳಗೆ. "ಅಕ್ಕಾ" ಎಂದ ಅವನು. ಅಲ್ಲಿಂದ ಮೇಡಂ ಹೋಗಿ ಅಕ್ಕ ಬಂತು.

ಮುಂದಿನ ಶುಕ್ರವಾರಗಳಲ್ಲೆಲ್ಲ ಮನೆಯದೇ ಮಾತು. ಎರಡು ಕೋಣೆ, ಒಂದು ಜಗಲಿ. ಜಗಲಿ ಸಮುದ್ರದ ಕಡೆಗೋ ರಸ್ತೆಯ ಕಡೆಗೋ? ತಾರಾಳಿಗೆ ಸಮುದ್ರದ ಕಡೆಗೇ ಬೇಕಂತೆ, ಅವನಿಗೆ ಒಗೆದ ಬಟ್ಟೆಗೆಲ್ಲ ಮರಳು ಹಾರುತ್ತದೆಂಬ ಚಿಂತೆ. "ನೀವೇ ಹೇಳಿ ಅಕ್ಕ, ನೀವು ಕಡಲಿನವರು." ಗಿರಿಜಾ ಸಮುದ್ರದ ಕಡೆಗೇ ಎಂದಳು. ಬಾಲ್ಕನಿಯ ಕೆಳಗೆ ಕಾರುಗಳು ಒಂದಕ್ಕೊಂದು ತಾಗಿ ನಿಂತು ಹಾರ್ನು ಬಡಿಯುತ್ತಿದ್ದವು. ಅವಳು ಮಾತ್ರ ಇನ್ನೂ ಕಟ್ಟದ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ರಜೆಯಲ್ಲಿ ಸಾನ್ವಿಯನ್ನು ಕರೆದುಕೊಂಡು ಬಂದೇ ಬರುತ್ತೇನೆ ಎಂದು ಮಾತೂ ಕೊಟ್ಟಳು.

ವರದಿ ಮುಗಿಸಲು ಹತ್ತು ದಿನ ಉಳಿದಿತ್ತು. ಆ ಶುಕ್ರವಾರ ಕೃಷ್ಣಪ್ರಸಾದ ಬಹಳ ಉಮೇದಿನಲ್ಲಿದ್ದ.

"ಮೂರು ವರ್ಷದ ಹಿಂದೆ ಗಾಳಿ ಬಂತಲ್ಲ, ಆ ಕತೆ ಹೇಳಿದ್ದೆನಾ? ನಾನು ಸೇತುವೆ ದಾಟಿದ್ದು ನಡ್ಕೊಂಡು! ವ್ಯಾನಿಗೆ ಕಾದೆ ಕಾದೆ, ಮಧ್ಯಾಹ್ನದವರೆಗೆ. ಹೋದ ಗಾಡಿ ಒಂದಾದರೂ ತಿರುಗಿ ಬರ್ಬೇಕಲ್ಲ? ಮತ್ತೆ ಬರುದಾದ್ರೂ ಯಾಕೆ? ಡ್ರೈವರಿಗೂ ಹೆಂಡತಿ ಮಕ್ಕಳು ಇಲ್ವಾ? ಅವರನ್ನು ಹಾಕ್ಕೊಂಡು ಒಮ್ಮೆ ದಾಟಿದ ಮೇಲೆ ಯಾರು ಬರ್ತಾರೆ ಈಚೆ? ಕೊನೆಗೆ ತಲೆ ಮೇಲೆ ಬೀಜದ ಗೋಣಿ ಮುಸುಕು ಹಾಕಿ ನಡೆದೆ. ತಾರಾಳಿಗೆ ಇವತ್ತಿನವರೆಗೂ ಹೇಳ್ಲಿಲ್ಲ!" ಎಂದು ಜೋರಾಗಿ ನಕ್ಕ.

ಗಿರಿಜಾ ನಗಲಿಲ್ಲ. ಅವಳ ಲೆಕ್ಕದಲ್ಲಿ ಪ್ರತಿ ವ್ಯಾನು ಜನರನ್ನು ತುಂಬಿಕೊಂಡು ಮೂರು ಸಲ ಸೇತುವೆ ದಾಟುತ್ತಿತ್ತು.

ಸೋಮವಾರ ಜಿಲ್ಲೆಯವರನ್ನು ಕೇಳಿದಳು, ಸುಳ್ಳಾಗಿರಲಿ ಎಂದುಕೊಂಡೇ ಕೇಳಿದಳು. ಸೇತುವೆಯ ಚೌಕಿಯ ಪುಸ್ತಕ ನೋಡಿ ಅವರು ಒಂದೇ ಸಾಲು ಬರೆದರು: ಆ ದಿನ ಹೊರಹೋದ ವ್ಯಾನು ಇನ್ನೂರ ಆರು, ಒಳಬಂದದ್ದು ಒಂದೂ ಇಲ್ಲ. ಮೂರಿದ್ದಲ್ಲಿ ಒಂದು ಹಾಕಿದಳು. ಹೊಸ ಮನೆ ಹಾಗಿರಲಿ, ಈಗ ಇರುವವರೇ ದಾಟಿ ಮುಗಿಯುತ್ತಿರಲಿಲ್ಲ. ನಲವತ್ತೊಂದು ಇದ್ದ ಜಾಗದಲ್ಲಿ ಸೊನ್ನೆ ಬಂದು ಕೂತಿತು.

"ನೀನು ಬರೀದೇ ಇದ್ರೆ ಯಾರಿಗೆ ಗೊತ್ತಾಗತ್ತೆ?" ಎಂದು ದತ್ತಾತ್ರೇಯ ಊಟದ ಹೊತ್ತಿಗೆ ಕೇಳಿದ.

"ಯಾರಿಗೂ ಇಲ್ಲ."

"ಮತ್ತೆ?"

"ಅದಕ್ಕೇ ಹೊಟ್ಟೆಗೆ ಅನ್ನ ಇಳೀತಿಲ್ಲ ರೀ. ನಾನು ಮೂರು ಅಂತಲೇ ಬಿಟ್ಟು, ಅವರು ಜಗಲಿ ಕಟ್ಟಿಸಿ, ತಾರಾ ಮಗಳ ಕೈ ಹಿಡ್ಕೊಂಡು ವ್ಯಾನಿಗೆ ಕಾಯ್ತಾ ನಿಂತ್ರೆ?"

ಅವನು ಅವಳ ತಟ್ಟೆಗೆ ಮಜ್ಜಿಗೆ ಬಡಿಸಿದ.

ಬುಧವಾರ ಅವಳೇ ಫೋನು ಮಾಡಿದಳು.

"ಬುಧವಾರ ಮಾಡಿದ್ದೀರಿ ಅಂದ್ರೆ ಎಂತದೋ ಉಂಟು" ಎಂದ ಕೃಷ್ಣಪ್ರಸಾದ.

ಸುತ್ತು ಬಳಸದೆ ಹೇಳಿದಳು. ಅಲೆಯ ಸದ್ದು ಬರುತ್ತಲೇ ಇತ್ತು. ಇವತ್ತು ಅವಳಿಗೆ ಅದು ಬೇಡವಾಗಿತ್ತು.

"ನಾನೇ ಹೇಳಿದ್ದಲ್ವಾ ಅದು?"

"ಹೌದು."

"ಬಾಯಿ ಮುಚ್ಚಿಕೊಂಡು ಇರ್ಬೇಕಿತ್ತು ನಾನು." ಆಮೇಲೆ ಸ್ವರ ಏರಿತು. "ನೀವೂ ಇರ್ಬಹುದಿತ್ತು ಅಕ್ಕ. ಕೇಳಿಸ್ಲಿಲ್ಲ ಅಂತ ಇರ್ಬಹುದಿತ್ತು. ನಿಮಗೆಂತ, ಸಂಜೆ ಮನೆಗೆ ಹೋದ್ರೆ ಗಂಡ ಉಂಟು, ಮಗಳು ಉಂಟು. ನಾನು ಹೋದ್ರೆ ಮೂರು ಗಂಡಸರ ಬನಿಯನ್ನು ನೇತಾಡ್ತಾ ಉಂಟು."

"ಇರಬಹುದಿತ್ತು. ಮೂರು ದಿನ ಹಾಗೇ ಇದ್ದೆ. ಆಮೇಲೆ ಆಗಲಿಲ್ಲ."

"ಆಗುದಿಲ್ಲ" ಎಂದ ಅವನು. ಒಪ್ಪಿಕೊಂಡನೋ ಹಂಗಿಸಿದನೋ ಅವಳಿಗೆ ಗೊತ್ತಾಗಲಿಲ್ಲ.

"ಇನ್ನೊಂದು ಬರೆದಿದ್ದೀನಿ, ಕೇಳಿ. ಸುದ್ದಿ ಬಂದ ತಕ್ಷಣ ಡ್ರೈವರ್‌ಗಳ ಮನೆಯವರನ್ನ ಎಲ್ಲರಿಗಿಂತ ಮೊದಲು ಜಿಲ್ಲೆಯವರೇ ಬಸ್ಸಲ್ಲಿ ದಾಟಿಸಿಬಿಟ್ರೆ, ಅವರು ಗಾಡಿ ತಿರುಗಿಸಿಕೊಂಡು ಬರ್ತಾರೆ. ಅದು ಆದ್ರೆ ನಲವತ್ತೊಂದು ಮತ್ತೆ ಬರತ್ತೆ."

"ಯಾವಾಗ?"

"ಬಸ್ಸು ತಗೋಬೇಕು, ಆಚೆ ಅವರು ಇರೋಕೆ ಜಾಗ ಮಾಡಬೇಕು, ಒಂದೆರಡು ಸಲ ಮಾಡಿ ನೋಡಬೇಕು. ಮೂರು ವರ್ಷ ಅಂತ ಇಟ್ಕೊಳ್ಳಿ."

"ಮೂರು ವರ್ಷ ಅಂದ್ರೆ ಭಾವನಾ ಹತ್ತನೇ ಕ್ಲಾಸು." ಅವನು ಬೆರಳು ಮಡಿಸುತ್ತಿದ್ದಂತೆ ನಿಧಾನ ಹೇಳಿದ. "ಅವಳನ್ನು ಬಿಡಿಸಿ ತರ್ಲಿಕ್ಕೆ ಆಗುದಿಲ್ಲ. ಮತ್ತೆ ಪಿಯುಸಿ. ಅವಳನ್ನು ಬಿಟ್ಟು ತಾರಾ ಬರುದಿಲ್ಲ."

ಗಿರಿಜಾ ಕೇಳಲೇಬೇಕಿತ್ತು. "ಅರ್ಜಿ ವಾಪಸ್ ತಗೊಳ್ತೀರಾ?"

"ಛೇ, ಯಾಕೆ?" ಎಂದ. "ಅದು ಅಲ್ಲಿಯೇ ಇರ್ಲಿ. ವಾರಕ್ಕೊಮ್ಮೆ ತಾರಾ ಕೇಳ್ತಾಳೆ, ಮನೆ ಎಲ್ಲಿಗೆ ಬಂತು ಅಂತ. ಪಟ್ಟಿಲಿ ಹೆಸರೇ ಇಲ್ಲದಿದ್ರೆ ನಾನು ಎಂತ ಹೇಳುದು? ಇವತ್ತು ಅವಳಿಗೆ ಹೇಳುದಿಲ್ಲ. ಭಾನುವಾರ ಹೇಳ್ತೇನೆ. ನಾಲ್ಕು ದಿನ ಹೆಚ್ಚು ಇರ್ಲಿ ಅವಳಿಗೆ ಆ ಜಗಲಿ."

ಗಿರಿಜಾ ಹೂಂ ಎಂದಳು. ಆ ಕಡೆ ಫ್ಯಾಕ್ಟರಿಯ ಸೈರನ್ನು ಕೂಗಿತು, ಅವನ ಪಾಳಿಯ ಹೊತ್ತು. ಅವನು ಹೋಗುತ್ತೇನೆ ಎನ್ನಲಿಲ್ಲ. ಅವಳೂ ಇಡುತ್ತೇನೆ ಎನ್ನಲಿಲ್ಲ. ಸೈರನ್ನು ನಿಂತಮೇಲೂ ಇಬ್ಬರೂ ಫೋನು ಕಿವಿಗೆ ಹಿಡಿದೇ ನಿಂತಿದ್ದರು.